ಆಲ್ಕೊಳ ಸರ್ಕಲ್ಲಿನಲ್ಲಿ ಹೊಗೆ ತಪಾಸಣೆ

ಬಂಕಿನ ಮೂಲೆಯಲ್ಲಿ, ಟಯರಿಳಿದ ಓಮ್ನಿಯೊಳಗೆ
ನನ್ನ ಯಂತ್ರ.
ಬಂದ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು
ಸೈಲೆನ್ಸರಿನ ಬಾಯಿಗೆ ಕೊಳವೆ ಇಡುತ್ತೇನೆ,
ಜ್ವರ ನೋಡುವ ಕಾಂಪೌಂಡರನ ಹಾಗೆ.
ಚೂರು ರೇಸ್ ಮಾಡಿ. ಸಾಕು.
ಇಪ್ಪತ್ತು ಸೆಕೆಂಡು. ಒಂದು ಚೀಟಿ.
ಆರು ತಿಂಗಳಿಗಾಗುವಷ್ಟು ಪುಣ್ಯ.

ಇಂಚರ ಒಂಬತ್ತನೇ ಕ್ಲಾಸು. ಶಾಲೆ ಬಿಟ್ಟ ಮೇಲೆ
ಗಾಡಿಕೊಪ್ಪದ ಬಸ್ಸು ಬರುವ ತನಕ
ಓಮ್ನಿಯ ಹಿಂದಿನ ಸೀಟಿನಲ್ಲಿ ಅವಳ ಹೋಂವರ್ಕು.
ಇವತ್ತು ಗ್ರಾಫ್ ಹಾಳೆ: ಎರಡು ದೇಶ, ಮೂವತ್ತು ವರ್ಷ,
ಯಾರ ಹೊಗೆ ಏರಿತು, ಯಾರದು ಇಳಿಯಿತು.
ನೀಲಿ ಗೆರೆ ಎತ್ತರದಿಂದ ಇಳಿಯುತ್ತದೆ, ನಿಧಾನ,
ಉಂಡು ಕೈತೊಳೆಯಲು ಹೊರಟವರ ಹಾಗೆ.
ಕೆಂಪು ಗೆರೆ ಕೆಳಗಿಂದ ಏರುತ್ತದೆ,
ಈಗಷ್ಟೇ ಎಲೆ ಹಾಕಿಸಿಕೊಂಡವರ ಅವಸರದಲ್ಲಿ.

"ಅಪ್ಪಾ, ನೀಲಿ ಪಾಸು, ಕೆಂಪು ಫೇಲು, ಅಲ್ವಾ?
ಕೊನೇಲಿ ನಿಮ್ಮ ಅಭಿಪ್ರಾಯ ಬರೆಯಿರಿ ಅಂತಿದೆ."

ಅಷ್ಟರಲ್ಲಿ ರುದ್ರೇಶಣ್ಣನ ಲಾರಿ ಬಂತು.
ಇಪ್ಪತ್ತು ವರ್ಷ ಜಲ್ಲಿ, ಮರಳು, ದಿಮ್ಮಿ ಹೊತ್ತು
ಹುಲಿಕಲ್ ಘಾಟಿಯ ತಿರುವು ತಿರುವಿಗೂ
ಕರಿ ಬಾಲ ಬಿಟ್ಟು ಇಳಿದ ಲಾರಿ.
ಆ ದುಡಿಮೆಯಲ್ಲೇ ಎದ್ದವು ಅವನ ಮೂರು ಮಹಡಿ.
ಈಗ ಹೊಸ ಇಂಜೆಕ್ಟರು, ಹಗುರ ಲೋಡು,
ಬೆಳಿಗ್ಗೆ ಅಗರಬತ್ತಿ.
ಪಾಸು.

ಹಿಂದೆಯೇ ಇಮ್ತಿಯಾಜನ ಆಟೊ. ಮೂರನೇ ಕೈಯದು,
ಸಾಲದ ಎರಡನೇ ಕಂತಿನದು.
ಒಳಗೆ ಏಳು ಮಕ್ಕಳು, ಏಳು ಚೀಲ, ಒಂದು ಕೊಡೆ.
ಅಂಕಿ ಮಿತಿಗಿಂತ ಕೂದಲೆಳೆ ಮೇಲೆ.
ಫೇಲು.

ರುದ್ರೇಶಣ್ಣ ಕನ್ನಡಿಯಲ್ಲಿ ನೋಡಿ ಹೇಳಿದ:
"ನೋಡಪ್ಪ, ಇಂಥವರಿಂದಲೇ ಊರು ಹಾಳು."

ಏನನ್ನಲಿ? ನನ್ನ ಯಂತ್ರ ಬಲ್ಲದ್ದು ಇಪ್ಪತ್ತು ಸೆಕೆಂಡು.
ಓಡಿ ಬಂದ ದಾರಿ ಅದಕ್ಕೆ ಕಾಣುವುದಿಲ್ಲ.
ಘಾಟಿಯಲ್ಲಿ ಬಿಟ್ಟು ಬಂದದ್ದಕ್ಕೆ ಚೀಟಿ ಇಲ್ಲ.
ಏಳು ತಲೆಗೆ ಭಾಗಿಸುವ ಗುಂಡಿಯೂ ಇಲ್ಲ.

ಹಾಗಂತ ಇಮ್ತಿಯಾಜನ ಹೊಗೆ ಹೊಗೆಯಲ್ಲವೇ?
ಕೊಡೆ ಹಿಡಿದ ಹುಡುಗಿ ಕೆಮ್ಮುತ್ತಿದ್ದಾಳೆ.
ಅವಳ ಎದೆಗೆ ಯಾವ ಗೆರೆಯ ಬಣ್ಣವೂ ಗೊತ್ತಿಲ್ಲ.

ನನ್ನಪ್ಪ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕುಲುಮೆ ಕಾದವನು.
ಅದು ಮುಚ್ಚಿದ ವರ್ಷ ಅಮ್ಮ ಒಗೆದ ಪಂಚೆ
ಮೊದಲ ಸಲ ಬಿಳಿಯಾಗಿಯೇ ಒಣಗಿತು.
ಊರಿಗೆ ಕಬ್ಬಿಣ ಬೇಡವೆಂದು ಯಾರೂ ಹೇಳಲಿಲ್ಲ.
ಬೇರೆ ಯಾರದೋ ಪಂಚೆ ಕಪ್ಪಾಗಿ
ನಮ್ಮ ಕಿಟಕಿಯ ಸರಳು ಬಂತು, ಲಾರಿಯಲ್ಲಿ.
ನೀಲಿ ಗೆರೆ ಇಳಿದಾಗೆಲ್ಲ ನನಗೆ ಕಾಣುವುದು
ಆ ಪಂಚೆ, ಅದನ್ನು ಉಟ್ಟು
ಜಗಲಿಯಲ್ಲಿ ಸುಮ್ಮನೆ ಕೂತ ಅಪ್ಪ.

"ಕಾರ್ಬುರೇಟರ್ ತೊಳೆಸಿ ನಾಳೆ ಬಾ," ಎಂದೆ ಇಮ್ತಿಯಾಜನಿಗೆ.
"ನಾಳೆ ಕಾಸು ತಗೊಳ್ಳಲ್ಲ."
ಪರದೆಯ ಮೇಲೆ ಅವನ ಅಂಕಿಗಳು ಇನ್ನೂ ಉಳಿದಿದ್ದವು.
ಇಂಚರ ಬಗ್ಗಿ, ಬೆರಳಿಟ್ಟು:
"ನಮ್ಮ ಪಾಠದ ಗ್ಯಾಸು ಇದೇ ಅಲ್ವಾ? ಇದಕ್ಕೆ ಮಿತಿ ಎಷ್ಟು?"
"ಅದಕ್ಕೆ ಮಿತಿ ಇಲ್ಲಮ್ಮ. ಸುಮ್ಮನೆ ತೋರಿಸುತ್ತೆ.
ಅದರಿಂದ ಯಾವ ಗಾಡೀನೂ ಫೇಲಾಗಲ್ಲ."

ಅವಳು ನನ್ನನ್ನು ನೋಡಿದ ರೀತಿ,
ಸುಳ್ಳು ಚೀಟಿ ಕೇಳಿ ಬಂದವರನ್ನು
ನಾನು ನೋಡುವ ರೀತಿ.

ಆಮೇಲೆ ಡಬ್ಬಿ ತೆರೆದು, ಮಧ್ಯಾಹ್ನ ಉಳಿದ
ಎರಡು ಅಗುಳು ಅರೆದು
ಗ್ರಾಫಿನ ಎಡಕ್ಕೆ ಇನ್ನೊಂದು ಹಾಳೆ ಅಂಟಿಸಿದಳು.
"ಮೂವತ್ತು ವರ್ಷಕ್ಕೆ ಮುಂಚೆ ನೀಲಿ
ಸೊನ್ನೆಯಿಂದ ತಾನೇ ಹತ್ತಿರಬೇಕು, ಅಪ್ಪಾ?
ಎಷ್ಟು ಹಾಳೆ ಬೇಕಾಗುತ್ತೆ?"

ಬಸ್ಸು ಬಂತು, ತನ್ನ ಪಾಲಿನ ಕಪ್ಪು ಕಾರುತ್ತ.
ಅಭಿಪ್ರಾಯದ ಸಾಲು ಹಾಗೆಯೇ ಉಳಿಯಿತು.
ಚೀಲದಿಂದ ಹೊರಗೆ, ಇನ್ನೂ ಹಸಿ ಅಂಟಿನ ಆ ಖಾಲಿ ಹಾಳೆ
ಸಾಗರ ರಸ್ತೆಯ ಗಾಳಿಗೆ
ಪಟಪಟ.